ನೀರಿನ ತೊಟ್ಟಿಯೂ ನೆರೆಯವನ ಹಕ್ಕೂ

"ಕಾಯಿಲೆ ಕೊಡುವವನೂ ಗುಣಪಡಿಸುವವನೂ ಅಲ್ಲಾಹನೇ. ಒಂದು ಸೊಳ್ಳೆಯಿಂದ ಆಗುವುದೇನು?" ಮಳೆ ಹಿಡಿದು, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಮೊಹಲ್ಲಾಗಳಲ್ಲಿ ಡೆಂಗಿ ಜ್ವರದ ಸುದ್ದಿ ಹಬ್ಬಿದಾಗಲೆಲ್ಲ ಈ ಮಾತು ಕಿವಿಗೆ ಬೀಳುತ್ತದೆ. ಇದರ ಮೊದಲರ್ಧ ನಮ್ಮ ಈಮಾನಿನ ಭಾಗ, ಅದರಲ್ಲಿ ಸಂಶಯವಿಲ್ಲ. ಆದರೆ ಎರಡನೆಯ ಅರ್ಧ ಮೊದಲನೆಯದರಿಂದ ಹುಟ್ಟುತ್ತದೆಯೇ? ಓದುಗರೇ, ಸ್ವಲ್ಪ ಯೋಚಿಸೋಣ.

ಈ ವಾದ ಹೊಸದಲ್ಲ, ನಮ್ಮವರದು ಮಾತ್ರವೂ ಅಲ್ಲ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಯುವ ಸೇನಾ ವೈದ್ಯ ಬೆಂಗಳೂರಿನ ದಂಡಿನಲ್ಲಿದ್ದ. ಕಿಟಕಿಯ ಹೊರಗಿದ್ದ ತೊಟ್ಟಿಯಲ್ಲಿ ಸೊಳ್ಳೆ ಮರಿಗಳು ಹೊರಳಾಡುವುದನ್ನು ಕಂಡು ಅದನ್ನು ಮಗುಚಿಹಾಕಿದ. ಕಾಟ ಕಡಿಮೆಯಾಯಿತು. ಊಟದ ಮನೆಯ ಹೂದಾನಿ, ಡಬ್ಬಗಳನ್ನೂ ಹೀಗೆಯೇ ಖಾಲಿ ಮಾಡೋಣವೆಂದು ಅವನು ಹೇಳಿದಾಗ ಅಲ್ಲಿನ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಗಳೂ ಯಾವುದೋ ಉದ್ದೇಶಕ್ಕೆ ಸೃಷ್ಟಿಯಾಗಿವೆ, ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯ ಎಂದನಂತೆ! ಮಲೇರಿಯಾದ ರೋಗಾಣು ಸೊಳ್ಳೆಯ ದೇಹದಲ್ಲಿರುವುದನ್ನು ಇದೇ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದು, 1902ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ.

ಆ ಅಧಿಕಾರಿಯ ಮಾತಿಗೆ ನಮ್ಮ ಚರಿತ್ರೆಯಲ್ಲಿ ಅದಕ್ಕೂ ಬಹಳ ಮೊದಲೇ ಉತ್ತರ ದೊರಕಿತ್ತು. ಕ್ರಿ.ಶ. 639ರ ಸುಮಾರಿಗೆ ಖಲೀಫಾ ಉಮರ್(ರ) ಸಿರಿಯಾದತ್ತ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹರಡಿರುವ ವಾರ್ತೆ ಬಂತು. ಅವರು ಸರ್ಗ್ ಎಂಬಲ್ಲಿಂದಲೇ ಹಿಂತಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಅಬೂ ಉಬೈದಾ(ರ) ಕೇಳಿದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್(ರ)ರ ಉತ್ತರವಾಗಿತ್ತು. ರೋಗ ವಿಧಿಯಾದರೆ ರೋಗದಿಂದ ದೂರವಿರುವ ಬುದ್ಧಿಯೂ ವಿಧಿಯೇ. ಒಂಟೆಯನ್ನು ಕಟ್ಟಿ ಆಮೇಲೆ ಭರವಸೆಯಿಡಬೇಕೆಂದು ಕಲಿಸಿದ ಪ್ರವಾದಿವರ್ಯರು(ಸ) ರಾತ್ರಿಯ ಹೊತ್ತು ಪಾತ್ರೆಗಳನ್ನು ಮುಚ್ಚಿಡಲೂ ಹೇಳಿದ್ದಾರೆ. ನಾವು ಆ ಪಾಠವನ್ನು ಗ್ರಂಥದಲ್ಲಿ ಓದುತ್ತೇವೆ, ಹಿತ್ತಲಿನ ಡ್ರಮ್ಮನ್ನು ಮಾತ್ರ ತೆರೆದಿಡುತ್ತೇವೆ.

"ನನ್ನ ಮನೆ, ನನ್ನ ನೀರು, ನನ್ನ ಜ್ವರ. ಇತರರಿಗೇನು?" ಎನ್ನುವವರೂ ಇದ್ದಾರೆ. ಡೆಂಗಿಯ ಮಟ್ಟಿಗೆ ಈ ಮಾತು ನಿಲ್ಲುವುದೇ ಇಲ್ಲ. ಇದನ್ನು ಹರಡುವ ಈಡಿಸ್ ಸೊಳ್ಳೆ ಮನೆಯೊಳಗೂ ಸುತ್ತಮುತ್ತಲೂ ನಿಂತ ನೀರಿನಲ್ಲಿ, ಅದರಲ್ಲೂ ನಾವು ಶೇಖರಿಸಿಟ್ಟ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಹೆಚ್ಚಾಗಿ ಹಗಲಿನಲ್ಲೇ ಕಚ್ಚುತ್ತದೆ. ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ ಕೆಲವು ನೂರು ಮೀಟರುಗಳಾಚೆ ಹೋಗದು. ಅಂದರೆ ನಮ್ಮ ತೊಟ್ಟಿಯಲ್ಲಿ ಬೆಳೆದ ಸೊಳ್ಳೆ ಕಚ್ಚುವುದು ನಮ್ಮನ್ನು, ಇಲ್ಲವೇ ಪಕ್ಕದ ಮನೆಯ ಮಗುವನ್ನು. ನೆರೆಯವನಿಗೆ ಕೇಡು ಮಾಡಬೇಡವೆಂದರೆ ಅವನ ಗೋಡೆ ಕೆಡವಬೇಡ ಎಂಬಷ್ಟೇ ಅರ್ಥವೇ? ಅವನ ಮಗು ತಲೆನೋವು, ಕಣ್ಣಿನ ಹಿಂದಿನ ನೋವು, ಮೂಳೆ ಮುರಿದಂತಹ ಮೈಕೈ ನೋವಿನಿಂದ ನರಳುವಾಗ, ಅದಕ್ಕೆ ಕಾರಣ ನಮ್ಮ ಅಂಗಳದಲ್ಲಿದ್ದರೆ, ನಾಳೆ ಆ ಹಕ್ಕಿನ ಲೆಕ್ಕವನ್ನು ಯಾರು ಕೊಡಬೇಕು?

ನಮ್ಮ ಜಿಲ್ಲೆಯ ಕಷ್ಟವೂ ನಿಜ. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿ ಕೊರೆದರೂ ನೀರು ಸಿಗದ ಕೊಳವೆಬಾವಿಗಳಿವೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಅಂತರ್ಜಲಕ್ಕೆಂದು ಕೆರೆಗಳಿಗೆ ಬಂದರೂ, ಮನೆಯ ಡ್ರಮ್ಮು, ಸಂಪುಗಳ ಅಗತ್ಯ ತಪ್ಪಿಲ್ಲ. ನಲ್ಲಿ ಯಾವಾಗ ಬರುವುದೋ ಎಂದು ಕಾಯುವ ಗೃಹಿಣಿಗೆ ನೀರು ಚೆಲ್ಲು ಎಂದರೆ ಅದು ಕ್ರೂರವೇ ಸರಿ, ದುಂದು ಕೂಡ. ಆದರೆ ಚೆಲ್ಲಬೇಕಾಗಿಲ್ಲ. ಬಟ್ಟೆ ಕಟ್ಟಿ ಗಾಳಿಯಾಡದಂತೆ ಮುಚ್ಚಿದರೆ ಸಾಕು. ವಾರಕ್ಕೊಮ್ಮೆ ಆ ನೀರನ್ನು ಪಾತ್ರೆ ತೊಳೆಯಲು, ಗಿಡಕ್ಕೆ ಬಳಸಿ, ಡ್ರಮ್ಮಿನ ಒಳಗೋಡೆಯನ್ನು ತಿಕ್ಕಬೇಕು. ಏಕೆಂದರೆ ಮೊಟ್ಟೆಗಳು ಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಉಳಿಯುತ್ತವೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಬೇಕು. ನಮಗೆ ಏಳು ದಿನಕ್ಕೊಮ್ಮೆ ಜುಮಾ ಬರುತ್ತದೆ. ಅಂದು ಸ್ನಾನಕ್ಕೆ ಮುಂಚೆ ಮನೆಯ ಗಂಡಸರೇ ಡ್ರಮ್ಮು ತಿಕ್ಕಲಿ. ಮನೆಗೆಲಸದಲ್ಲಿ ಕೈಜೋಡಿಸುತ್ತಿದ್ದ ಪ್ರವಾದಿ(ಸ)ಯವರ ಅನುಯಾಯಿಗಳಿಗೆ ಇದು ಕೀಳು ಕೆಲಸವಲ್ಲ. ತೆಂಗಿನ ಚಿಪ್ಪು, ಹಳೆಯ ಟೈರು, ಕೂಲರ್, ಫ್ರಿಜ್ಜಿನ ಹಿಂದಿನ ತಟ್ಟೆ, ಮಸೀದಿಯ ಹೌಜ್, ಮದ್ರಸಾದ ಟ್ಯಾಂಕ್, ಯಾವುದನ್ನೂ ಮರೆಯಬಾರದು. ದೊಡ್ಡ ತೊಟ್ಟಿಗಳಿಗೆ ಗಪ್ಪಿ ಮೀನು ಬಿಡಬಹುದು.

ಜ್ವರ ಬಂದವರೂ ತಾಳ್ಮೆಯ ಜೊತೆಗೆ ಎಚ್ಚರವನ್ನು ಕೂಡಿಸಿಕೊಳ್ಳಬೇಕು. ಡೆಂಗಿಗೆಂದೇ ಬೇರೆ ಔಷಧಿಯಿಲ್ಲ. ವಿಶ್ರಾಂತಿ, ಸಾಕಷ್ಟು ದ್ರವಾಹಾರ, ಜ್ವರಕ್ಕೆ ವೈದ್ಯರು ಹೇಳಿದಷ್ಟು ಪ್ಯಾರಸಿಟಮಾಲ್. ಆಸ್ಪಿರಿನ್, ಬ್ರೂಫಿನ್‌ಗಳು ರಕ್ತಸ್ರಾವ ಹೆಚ್ಚಿಸಬಹುದು, ಅವು ಬೇಡ. ಜ್ವರ ಇಳಿಯಿತೆಂದು ಮೈಮರೆಯಬೇಡಿ. ಅಪಾಯ ಬರುವುದು ಹೆಚ್ಚಾಗಿ ಆಗಲೇ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಮೂಗುಗಳಿಂದ ರಕ್ತ, ವಿಪರೀತ ಸುಸ್ತು ಕಂಡರೆ ಒಡನೆ ಆಸ್ಪತ್ರೆಗೆ ಹೋಗಬೇಕು. ಡೆಂಗಿಯ ವೈರಸ್ಸಿನಲ್ಲಿ ನಾಲ್ಕು ವಿಧಗಳಿವೆ. ಒಮ್ಮೆ ಬಂದು ಹೋದವರಿಗೆ ಇನ್ನೊಂದು ವಿಧ ತಗಲಿದರೆ ಅದು ಹೆಚ್ಚು ಉಗ್ರವಾಗಬಹುದು. ರೋಗಿ ಹಗಲೂ ಸೊಳ್ಳೆಪರದೆಯೊಳಗಿರಲಿ. ಅವನನ್ನು ಕಚ್ಚಿದ ಸೊಳ್ಳೆಯೇ ಇನ್ನೊಬ್ಬರಿಗೆ ರೋಗ ಒಯ್ಯುತ್ತದೆ. ಮುಟ್ಟಿದರೆ ಡೆಂಗಿ ಹರಡುವುದಿಲ್ಲ, ಆದ್ದರಿಂದ ರೋಗಿಯನ್ನು ಸಂದರ್ಶಿಸುವ ಸುನ್ನತ್ತನ್ನು ಭಯದಿಂದ ಬಿಡಬೇಕಾಗಿಲ್ಲ.

2024ರ ಸೆಪ್ಟೆಂಬರ್ ಆರಂಭದ ವೇಳೆಗೆ ರಾಜ್ಯದಲ್ಲಿ 25,000ಕ್ಕೂ ಹೆಚ್ಚು ಡೆಂಗಿ ಪ್ರಕರಣಗಳು ದಾಖಲಾದವು. ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ನಿಗದಿಪಡಿಸಿತು. ದಂಡಕ್ಕೆ ಹೆದರಿ ಮುಚ್ಚಿದ ಡ್ರಮ್ಮು, ತಪಾಸಣೆಯವರು ಹೋದ ಮೇಲೆ ಮತ್ತೆ ತೆರೆಯುತ್ತದೆ. ಅಲ್ಲಾಹನು ನೋಡುತ್ತಿದ್ದಾನೆಂದು ಮುಚ್ಚಿದ ಡ್ರಮ್ಮು ಮುಚ್ಚಿಯೇ ಇರುತ್ತದೆ. ಲಾರ್ವಾ ನೋಡಲು ಬರುವ ಆಶಾ ಕಾರ್ಯಕರ್ತೆಯನ್ನು ಹೊಸ್ತಿಲಿನಿಂದಲೇ ಹಿಂದೆ ಕಳುಹಿಸಬೇಡಿ. ಆಕೆ ಬಂದಿರುವುದು ನಿಮ್ಮ ಮಕ್ಕಳಿಗಾಗಿ.

ದಾರಿಯಲ್ಲಿ ಬಿದ್ದ ಮುಳ್ಳನ್ನು ಸರಿಸುವುದೂ ಈಮಾನಿನ ಶಾಖೆಯೆಂದು ನಂಬಿದವರು ನಾವು. ನೆರೆಮನೆಯ ಮಗುವಿಗೆ ಚುಚ್ಚುವ ಮುಳ್ಳು ನಮ್ಮ ನೀರಿನಲ್ಲೇ ಬೆಳೆಯುತ್ತಿದ್ದರೆ ಅದನ್ನು ಸರಿಸಲು ಮುಂದಿನ ಜ್ವರದವರೆಗೆ ಕಾಯಬೇಕೇ? ದುಆ ಮಾಡೋಣ, ಡ್ರಮ್ಮನ್ನೂ ಮುಚ್ಚೋಣ. ಅಲ್ಲಾಹನು ನಮ್ಮೆಲ್ಲರ ಮನೆಗಳನ್ನು ಕಾಪಾಡಲಿ.