ರಕ್ತದಲ್ಲಿ ಬಂದದ್ದು ಎಂಬ ನೆಪ



"ಅವನ ಅಪ್ಪನೂ ಹಾಗೆಯೇ ಇದ್ದರು. ಆ ಸಿಟ್ಟು ಅವನ ರಕ್ತದಲ್ಲೇ ಬಂದದ್ದು." ಈ ಮಾತನ್ನು ನೀವು ಕೇಳಿರುತ್ತೀರಿ, ಬಹುಶಃ ಆಡಿಯೂ ಇರುತ್ತೀರಿ. ಹೆಂಡತಿಯ ಮೇಲೆ ಕೈಯೆತ್ತಿದವನು ಈ ಮಾತಿನ ಮರೆಯಲ್ಲಿ ನಿಂತು ತಪ್ಪಿಸಿಕೊಳ್ಳುತ್ತಾನೆ. ಹೆಣ್ಣು ನೋಡಲು ಬಂದವರು ಹುಡುಗಿಯ ಮನೆತನದಲ್ಲಿ ಯಾರಿಗೋ ಕಾಯಿಲೆಯಿತ್ತೆಂದು ತಿಳಿದು ಇದೇ ಮಾತನ್ನು ಹೇಳಿ ಹಿಂದಿರುಗುತ್ತಾರೆ. ಒಬ್ಬನಿಗೆ ಅದು ಮಾಡಿದ ತಪ್ಪಿನಿಂದ ಬಿಡುಗಡೆ. ಇನ್ನೊಬ್ಬಳಿಗೆ ಮಾಡದ ತಪ್ಪಿಗೆ ಶಿಕ್ಷೆ. ಒಂದೇ ಮಾತಿನಿಂದ ಎರಡು ಅನ್ಯಾಯ!

ಹಿಂದೆ 'ರಕ್ತ' ಎನ್ನುತ್ತಿದ್ದವರು ಇಂದು 'ಜೀನ್' ಎನ್ನುತ್ತಾರೆ. ವಿಜ್ಞಾನದ ಶಬ್ದ ಸೇರಿದೊಡನೆ ಹಳೆಯ ನೆಪಕ್ಕೆ ಹೊಸ ಗೌರವ ಬಂದುಬಿಟ್ಟಿದೆ. ಜೀನಿನಲ್ಲಿ ಬರೆದದ್ದು ಆಗಿಯೇ ತೀರುತ್ತದೆ. ಆದುದರಿಂದ ಮಾನವನು ಅದಕ್ಕೆ ಹೊಣೆಯಲ್ಲ ಎಂಬುದು ಅವರ ವಾದ. ಇದರಲ್ಲಿ ಎರಡು ಮಾತುಗಳಿವೆ. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸೋಣ.

ಬರೆದದ್ದು ಆಗಿಯೇ ತೀರುತ್ತದೆಯೇ? ನಮ್ಮ ಶರೀರದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಒಂದೇ ಡಿ.ಎನ್.ಎ. ಇದೆ. ಪ್ರೋಟೀನುಗಳನ್ನು ತಯಾರಿಸಲು ಸೂಚನೆ ನೀಡುವ ಸುಮಾರು 20,000 ಜೀನುಗಳು ಅದರಲ್ಲಿವೆ. ಕಣ್ಣಿನ ಕೋಶದಲ್ಲೂ ಯಕೃತ್ತಿನ ಕೋಶದಲ್ಲೂ ಇರುವುದು ಅದೇ ಬರಹ. ಆದರೂ ಕಣ್ಣು ಕಣ್ಣಾಗಿದೆ, ಯಕೃತ್ತು ಯಕೃತ್ತಾಗಿದೆ. ಪ್ರತಿಯೊಂದು ಕೋಶವೂ ತನಗೆ ಬೇಕಾದದ್ದನ್ನು ಮಾತ್ರ ಓದಿ, ಉಳಿದದ್ದನ್ನು ಮುಚ್ಚಿಡುವುದೇ ಇದಕ್ಕೆ ಕಾರಣ.

ಓದಿದ್ದೆಲ್ಲವೂ ಕಾರ್ಯರೂಪಕ್ಕೆ ಬರುತ್ತದೆಂದೂ ಇಲ್ಲ. ಜೀನಿನ ಸೂಚನೆಯು ಮೊದಲು ಸಂದೇಶವಾಹಕ ಆರ್.ಎನ್.ಎ. ಎಂಬ ನಕಲಾಗಿ ಹೊರಡುತ್ತದೆ. ಅದನ್ನು ನೋಡಿಕೊಂಡು ಪ್ರೋಟೀನು ತಯಾರಾಗುತ್ತದೆ. ಆದರೆ ದಾರಿಯಲ್ಲಿ ಅದನ್ನು ತಡೆಯುವವರಿದ್ದಾರೆ. ಅವೇ ಮೈಕ್ರೋ ಆರ್.ಎನ್.ಎ.ಗಳು. ಸುಮಾರು 22 ಅಕ್ಷರಗಳಷ್ಟೇ ಉದ್ದದ ಈ ತುಣುಕುಗಳು ಒಂದು ಪ್ರೋಟೀನಿನ ಜೊತೆಗೂಡಿ, ತಮಗೆ ಹೊಂದುವ ಅಕ್ಷರಗಳಿರುವ ಸಂದೇಶವನ್ನು ಹುಡುಕಿ ಅಂಟಿಕೊಳ್ಳುತ್ತವೆ. ಆಗ ಆ ಸಂದೇಶವು ಓದಲ್ಪಡುವುದಿಲ್ಲ ಅಥವಾ ನಾಶವಾಗುತ್ತದೆ. ಕಚೇರಿಯಿಂದ ಹೊರಟ ಆದೇಶದ ಚೀಟಿಯನ್ನು ಕಾರ್ಖಾನೆಯ ಬಾಗಿಲಲ್ಲೇ ತಡೆದು ನಿಲ್ಲಿಸಿದಂತೆ!

ಇದನ್ನು ಮೊದಲು ಕಂಡದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. 'ಲಿನ್-4' ಎಂಬ ಜೀನ್ ಕೆಟ್ಟ ಹುಳುವಿನಲ್ಲಿ ಎಳೆತನದ ಹಂತವೇ ಮತ್ತೆ ಮತ್ತೆ ಮರುಕಳಿಸುತ್ತಿತ್ತು. ಆ ಜೀನ್ ಯಾವ ಪ್ರೋಟೀನನ್ನೂ ತಯಾರಿಸುವುದಿಲ್ಲ. ಅದರಿಂದ ಹೊರಡುವ ಚಿಕ್ಕ ಆರ್.ಎನ್.ಎ. ಇನ್ನೊಂದು ಜೀನಿನ ಮಾತನ್ನು ಸಕಾಲದಲ್ಲಿ ಅಡಗಿಸುತ್ತದೆ ಎಂದು 1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ತೋರಿಸಿಕೊಟ್ಟರು. ಅದೊಂದು ಹುಳುವಿನ ವಿಚಿತ್ರವೆಂದು ಹೆಚ್ಚಿನವರು ಸುಮ್ಮನಾದರು. 2000ದಲ್ಲಿ ಇಂತಹದೇ ಇನ್ನೊಂದು ತುಣುಕು ಮಾನವನಲ್ಲೂ ಇದೆಯೆಂದು ತಿಳಿದಾಗ ಎಲ್ಲರೂ ತಿರುಗಿ ನೋಡಿದರು. 2024ರಲ್ಲಿ ಅವರಿಬ್ಬರಿಗೂ ನೊಬೆಲ್ ಪ್ರಶಸ್ತಿ ಸಂದಿತು.

ತಡೆಯುವವನು ಇಲ್ಲವಾದರೆ ಏನಾಗುತ್ತದೆ? ಒಂದು ಬಗೆಯ ರಕ್ತದ ಕ್ಯಾನ್ಸರ್‌ನಲ್ಲಿ ಅನೇಕ ರೋಗಿಗಳು ಇಂತಹ ಎರಡು ತುಣುಕುಗಳನ್ನು ಕಳೆದುಕೊಂಡಿರುತ್ತಾರೆಂದು 2002ರಲ್ಲಿ ಕಂಡುಬಂತು. ಸಾಯಬೇಕಾದ ಕೋಶವನ್ನು ಸಾಯಲು ಬಿಡದ ಒಂದು ಪ್ರೋಟೀನನ್ನು ಅವು ಹದ್ದಿನಲ್ಲಿಡುತ್ತಿದ್ದವು. ಆ ಹಿಡಿತ ತಪ್ಪಿದಾಗ ಕೋಶಗಳು ಸಾಯದೆ ಉಳಿದು ರೋಗವಾಗುತ್ತವೆ.

ಈ ತಡೆಯನ್ನು ವೈದ್ಯರು ಔಷಧಿಯಾಗಿಯೂ ಬಳಸತೊಡಗಿದ್ದಾರೆ. ತಂದೆತಾಯಿಯರಿಂದ ಬರುವ, ನರಗಳನ್ನು ಹಾಳುಮಾಡುವ ಒಂದು ಕಾಯಿಲೆಗೆ 2018ರಲ್ಲಿ 'ಪ್ಯಾಟಿಸಿರಾನ್' ಎಂಬ ಔಷಧಿಗೆ ಒಪ್ಪಿಗೆ ದೊರೆಯಿತು. ಅದು ಕೆಟ್ಟ ಜೀನನ್ನು ಬದಲಿಸುವುದಿಲ್ಲ. ಜೀನ್ ಹಾಗೆಯೇ ಉಳಿಯುತ್ತದೆ. ಅದರ ಸಂದೇಶವನ್ನು ಮಾತ್ರ ಒಂದು ಕಿರು ಆರ್.ಎನ್.ಎ. ಯಕೃತ್ತಿನಲ್ಲಿ ಕತ್ತರಿಸಿಹಾಕುತ್ತದೆ. ಹುಟ್ಟಿನಿಂದ ಬಂದ ದೋಷ ಅಲ್ಲೇ ಇದ್ದರೂ ಅದರ ಕೈ ಕಟ್ಟಿಹಾಕಬಹುದು ಎಂದಾಯಿತು. ಬರೆದದ್ದೆಲ್ಲ ಆಗಿಯೇ ತೀರುತ್ತದೆಂಬ ಮೊದಲ ಮಾತು ಕೋಶದೊಳಗೇ ನಿಲ್ಲುವುದಿಲ್ಲ.

ಆದರೆ ಇಲ್ಲಿ ಎಚ್ಚರ ಬೇಕು. 'ಕೋಶವೇ ಸಂಯಮ ಪಾಲಿಸುತ್ತದೆ, ನೀವೂ ಪಾಲಿಸಿರಿ' ಎಂದು ಹೇಳಿ ಮುಗಿಸುವುದು ಸುಲಭ. ಅದು ಸರಿಯಲ್ಲ. ಆರ್.ಎನ್.ಎ.ಗೆ ಉದ್ದೇಶವಿಲ್ಲ; ಅದು ಪುಣ್ಯವನ್ನೂ ಮಾಡುವುದಿಲ್ಲ, ಪಾಪವನ್ನೂ ಮಾಡುವುದಿಲ್ಲ. ನಮ್ಮ ಅಪ್ಪಣೆಗೆ ಅದು ಕಾಯುವುದೂ ಇಲ್ಲ. ಸ್ವಭಾವದಲ್ಲಿ ಹುಟ್ಟಿನ ಪಾಲು ಸ್ವಲ್ಪವೂ ಇಲ್ಲವೆಂದು ಹೇಳುವುದೂ ಪ್ರಾಮಾಣಿಕತೆಯಲ್ಲ. ಕೆಲವರಿಗೆ ಬೇಗ ಸಿಟ್ಟು ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಹೊಣೆಗಾರಿಕೆಯ ಪ್ರಶ್ನೆಗೆ ಉತ್ತರವನ್ನು ಸೂಕ್ಷ್ಮದರ್ಶಕದಲ್ಲಲ್ಲ, ನಮ್ಮ ನಡತೆಯಲ್ಲಿಯೇ ಹುಡುಕಬೇಕು.

ಆ ಸಿಟ್ಟಿನ ಮನುಷ್ಯನನ್ನೇ ನೋಡಿರಿ. ಬೆಳಿಗ್ಗೆ ಮೇಲಧಿಕಾರಿ ಎಲ್ಲರೆದುರು ಗದರಿಸಿದಾಗ ಅವನು ತಲೆ ತಗ್ಗಿಸಿ ನಿಂತಿದ್ದ. ಸಾಲ ಕೊಟ್ಟವನ ಮುಂದೆ ನಗುನಗುತ್ತಾ ಮಾತನಾಡಿದ. ಸಂಜೆ ಮನೆಗೆ ಬಂದು, ಸಾರಿನಲ್ಲಿ ಉಪ್ಪು ಹೆಚ್ಚಾಯಿತೆಂದು ತಟ್ಟೆ ಎಸೆದ. ಬೆಳಿಗ್ಗೆ ಅವನ ರಕ್ತ ಎಲ್ಲಿಗೆ ಹೋಗಿತ್ತು? ಜೀನ್ ಬೆಳಿಗ್ಗೆಗೂ ಸಂಜೆಗೂ ಬದಲಾಗಲಿಲ್ಲ. ಬದಲಾದದ್ದು ಎದುರಿಗಿದ್ದ ವ್ಯಕ್ತಿ. ಬಲಿಷ್ಠನ ಮುಂದೆ ತಡೆಯಬಲ್ಲವನು ದುರ್ಬಲಳ ಮುಂದೆಯೂ ತಡೆಯಬಲ್ಲ. ತಡೆಯಲಿಲ್ಲವೆಂದರೆ ಅದು ಅವನ ಆಯ್ಕೆ. ಸಿಟ್ಟು ಬಂದದ್ದಕ್ಕೆ ಅವನು ಹೊಣೆಯಲ್ಲದಿರಬಹುದು. ಕೈಯೆತ್ತಿದ್ದಕ್ಕೆ ಖಂಡಿತ ಹೊಣೆ.

ಇನ್ನು ಆ ಹುಡುಗಿಯ ವಿಷಯ. ಕಾಯಿಲೆಯ ಬಗ್ಗೆ ವಿಚಾರಿಸುವುದು, ವೈದ್ಯರ ಸಲಹೆ ಕೇಳುವುದು ತಪ್ಪಲ್ಲ. ಆದರೆ ಅದನ್ನು ಮನೆತನದ ಕಳಂಕವೆಂದು ಕರೆಯುವುದು ತಪ್ಪು. ಕಿರು ಆರ್.ಎನ್.ಎ.ಗಳನ್ನು ಕತ್ತರಿಸಿ ತಯಾರುಮಾಡುವ 'ಡೈಸರ್' ಎಂಬ ಕಿಣ್ವದ ಜೀನಿನಲ್ಲೇ ದೋಷ ಹೊತ್ತು ಹುಟ್ಟುವವರಿದ್ದಾರೆ. ಅವರಲ್ಲಿ ಕೆಲವರಿಗೆ ಎಳವೆಯಲ್ಲೇ ಗೆಡ್ಡೆಗಳಾಗುತ್ತವೆ. ಅನೇಕರು ಜೀವನಪೂರ್ತಿ ಆರೋಗ್ಯವಾಗಿರುತ್ತಾರೆ. ಯಾರೂ ತಮ್ಮ ಜೀನುಗಳನ್ನು ಅಂಗಡಿಯಲ್ಲಿ ಆರಿಸಿ ತಂದವರಲ್ಲ. ಆಯ್ಕೆಯೇ ಇಲ್ಲದಲ್ಲಿ ಅಪರಾಧವೆಲ್ಲಿ?

ಆದುದರಿಂದ ಅಳತೆಗೋಲು ಸ್ಪಷ್ಟವಾಗಿದೆ. ಆಯ್ಕೆಯಿಲ್ಲದೆ ಬಂದದ್ದಕ್ಕೆ ಕನಿಕರ, ಆಯ್ದು ಮಾಡಿದ್ದಕ್ಕೆ ಲೆಕ್ಕ. ನಾವು ಇದನ್ನು ತಿರುಗುಮುರುಗು ಮಾಡಿಕೊಂಡಿದ್ದೇವೆ. ನಮ್ಮ ತಪ್ಪಿಗೆ ವಂಶವನ್ನು ಸಾಕ್ಷಿಗೆ ಕರೆಯುತ್ತೇವೆ, ಇತರರ ವಂಶವನ್ನೇ ತಪ್ಪೆಂದು ಎಣಿಸುತ್ತೇವೆ. ಮುಂದೆ ಎಂದಾದರೂ ನಿಮ್ಮ ನಾಲಿಗೆಗೆ 'ಅದು ರಕ್ತದಲ್ಲೇ ಬಂದದ್ದು' ಎಂಬ ಮಾತು ಬಂದಾಗ ಒಂದು ಕ್ಷಣ ತಡೆದು ಕೇಳಿಕೊಳ್ಳಿರಿ: ಈ ಮಾತಿನಿಂದ ನಾನು ಯಾರನ್ನು ಬಿಡಿಸುತ್ತಿದ್ದೇನೆ, ಯಾರನ್ನು ಶಿಕ್ಷಿಸುತ್ತಿದ್ದೇನೆ? ಆ ಒಂದು ಕ್ಷಣದ ತಡೆಯನ್ನು ಯಾವ ಆರ್.ಎನ್.ಎ.ಯೂ ನಮಗಾಗಿ ಮಾಡಿಕೊಡುವುದಿಲ್ಲ. ಅದನ್ನು ನಾವೇ ಮಾಡಬೇಕು.