ಒಡೆಯ–ಆಳು: ಒಂದು ನೈತಿಕ ಜಿಜ್ಞಾಸೆ

ಸಂಬಳಕ್ಕೆ ಪ್ರತಿಯಾಗಿ ಆಳು ಒಡೆಯನಿಗೆ ಸಲ್ಲಿಸಬೇಕಾದುದು ದುಡಿಮೆಯೊಂದನ್ನೇ? ಅಥವಾ ಮನಸ್ಸನ್ನೂ ಒಪ್ಪಿಸಬೇಕೇ? ನಮ್ಮ ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಈ ಪ್ರಶ್ನೆ ಯುಗಾದಿ ಪಾಡ್ಯದಂದು ಮತ್ತೆ ಹುಟ್ಟುತ್ತದೆ. ವರ್ಷದ ಆಳನ್ನು, ಎಂದರೆ ಸಾಲಗಡಿಯನ್ನು, ಗೊತ್ತುಮಾಡುವ ದಿನವದು. ಮರಾಠಿಯಲ್ಲಿ ‘ಸಾಲ’ ಎಂದರೆ ವರ್ಷ. ಕನ್ನಡದ ಕಿವಿಗೆ ಅದು ಋಣ. ಮುಂಗಡ ಪಡೆದು ದುಡಿಯುವವನ ಬಾಳಿನಲ್ಲಿ ಎರಡೂ ಅರ್ಥಗಳು ಒಂದಾಗುತ್ತವೆ. ಹಣವೆಷ್ಟು, ಕಾಳೆಷ್ಟು ಎಂಬುದು ಅಂದೇ ನಿಶ್ಚಯವಾಗುತ್ತದೆ. ತಲೆ ಎಷ್ಟು ಬಾಗಬೇಕೆಂಬುದು ಮಾತ್ರ ನಿಶ್ಚಯವಾಗುವುದಿಲ್ಲ. ಒಡೆಯ–ಆಳುಗಳ ಹಟವೆಲ್ಲ ಅಳತೆಯಿಲ್ಲದ ಈ ಬಾಕಿಯಿಂದಲೇ ಬೆಳೆಯುತ್ತದೆ.

ಇದರ ಮಹಾದೃಷ್ಟಾಂತವು ನಮಗೆ ಸಮೀಪದ ಕಲ್ಯಾಣದಲ್ಲಿಯೇ ಇದೆ. ಬಿಜ್ಜಳನು ಹುಟ್ಟಿನಿಂದ ಚಕ್ರವರ್ತಿಯಲ್ಲ. ಮಂಗಳವೇಡೆಯ ಕಳಚುರಿ ಮನೆತನದವನಾದ ಆತನು ಚಾಲುಕ್ಯರ ಮಹಾಮಂಡಲೇಶ್ವರನಾಗಿದ್ದು, ಒಡೆಯನಾದ ಮೂರನೆಯ ತೈಲಪನು ದುರ್ಬಲನಾದಾಗ ಅಧಿಕಾರವನ್ನು ಕೈವಶ ಮಾಡಿಕೊಂಡನು. ಒಡೆಯನನ್ನು ಕೆಡವಿ ಮೇಲೇರಿದ ಸೇವಕನಿಗೆ ತನ್ನ ಸೇವಕರಲ್ಲಿ ನಂಬಿಕೆ ಹುಟ್ಟುವುದು ಸುಲಭವಲ್ಲ. ಬಸವಣ್ಣನವರು ಅವನ ಭಂಡಾರಿಗಳು. ಬೊಕ್ಕಸದ ಹಣ ಜಂಗಮ ದಾಸೋಹಕ್ಕೆ ಹೋಗುತ್ತಿದೆಯೆಂದು ದೂರು ಬಂದಿತು. ಎಣಿಸಿ ನೋಡಿದಾಗ ಏನೂ ಕಡಿಮೆಯಿರಲಿಲ್ಲವೆಂದು ಬಸವಪುರಾಣದ ಪರಂಪರೆ ಹೇಳುತ್ತದೆ. ಆದರೂ ದೊರೆಯ ಮನಸ್ಸು ತಣಿಯಲಿಲ್ಲ. ಅವನಿಗೆ ಬೇಕಾಗಿದ್ದುದು ಹೊನ್ನಿನ ಲೆಕ್ಕವಾಗಿರಲಿಲ್ಲ. ಕಳ್ಳನಾದ ಆಳನ್ನು ದಂಡಿಸಬಹುದು. ಪ್ರಾಮಾಣಿಕವಾಗಿ ದುಡಿದು, ನಿಷ್ಠೆಯನ್ನು ಮಾತ್ರ ಕೂಡಲಸಂಗಮನಿಗೆ ಮೀಸಲಿಟ್ಟವನನ್ನು ದಂಡಿಸುವ ಬಗೆ ಹೇಗೆ?

ಜೈನ ಪರಂಪರೆಯು ಈ ಕಥೆಯನ್ನು ಬೇರೊಂದು ಬಗೆಯಾಗಿ ಹೇಳುತ್ತದೆ. ತಪ್ಪು ಯಾರದೆಂಬ ವಾದ ಹಾಗಿರಲಿ; ದಂಡ ತೆತ್ತವರು ಯಾರೆಂಬುದನ್ನು ನೋಡೋಣ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ವಿವಾಹವಾದಾಗ, ಆ ಇಬ್ಬರು ತಂದೆಯರಿಗೆ ಎಳೆಹೂಟೆಯ ಶಿಕ್ಷೆಯಾಯಿತೆನ್ನುತ್ತಾರೆ. ಬಸವಣ್ಣನವರು ಕಲ್ಯಾಣವನ್ನು ತೊರೆದು ಕೂಡಲಸಂಗಮಕ್ಕೆ ನಡೆದರು. 1167ರ ಸುಮಾರಿಗೆ ಬಿಜ್ಜಳನ ಆಳ್ವಿಕೆ ಮುಗಿಯಿತು. ಅವನು ಕೊಲೆಯಾದನೆಂಬುದು ಪ್ರತೀತಿ. ಶರಣರು ದಿಕ್ಕು ದಿಕ್ಕಿಗೆ ಚದುರಿದರು. ಮುಂದೆ ಎರಡು ದಶಕಗಳೊಳಗೆ ಕಳಚುರಿ ಪ್ರಭುತ್ವವೂ ಅಳಿಯಿತು.

ಇಲ್ಲಿ ಆಳಿನ ಮುಂದೆ ಎರಡು ದಾರಿಗಳು ಕಾಣುತ್ತವೆ. ಒಡೆಯನನ್ನು ಉರುಳಿಸಿ ಅವನ ಗದ್ದುಗೆಯನ್ನೇರುವುದು ಬಿಜ್ಜಳನ ದಾರಿ. ಅದರಿಂದ ಗದ್ದುಗೆಯ ಮೇಲಿನವನು ಬದಲಾಗುತ್ತಾನೆ, ಅದರ ಭಯ ಬದಲಾಗುವುದಿಲ್ಲ. ಲೆಕ್ಕವನ್ನು ಶುದ್ಧವಾಗಿಟ್ಟು, ಮನಸ್ಸನ್ನು ಮಾರದೆ, ಸಮಯ ಬಂದಾಗ ಹುದ್ದೆಯನ್ನು ಬಿಟ್ಟು ನಡೆಯುವುದು ಬಸವಣ್ಣನವರ ದಾರಿ. ಇದು ಶ್ರೇಷ್ಠವೆಂದು ಹೇಳುವುದು ಸುಲಭ. ಆದರೆ ಭಂಡಾರಿಗೆ ಬಿಟ್ಟು ನಡೆಯಲು ಬಾಗಿಲು ತೆರೆದಿತ್ತು. ಮುಂಗಡ ತೀರದ ಸಾಲಗಡಿಗೆ, ಉಚಲು ಪಡೆದು ಕಬ್ಬು ಕಡಿಯಲು ಹೋದ ಕುಟುಂಬಕ್ಕೆ ಆ ಬಾಗಿಲೆಲ್ಲಿದೆ? ಬಡವನಿಗೆ ಬಸವಣ್ಣನವರ ಧೈರ್ಯವನ್ನು ಬೋಧಿಸಿ, ಅವನ ಬಾಗಿಲಿಗೆ ಬೀಗ ಹಾಕಿಡುವುದು ನ್ಯಾಯವಲ್ಲ.

ಆದುದರಿಂದ ಈ ವಿಷಯದಲ್ಲಿ ಮೊದಲ ಕರ್ತವ್ಯವು ಒಡೆಯನದು. 1976ರ ಕಾಯ್ದೆಯು ಜೀತದ ಸಾಲವನ್ನು ರದ್ದುಮಾಡಿತು. ಆದರೆ ಆಳಿನ ಮನಸ್ಸು ತನ್ನ ಸ್ವತ್ತಲ್ಲವೆಂಬ ಅರಿವನ್ನು ಒಡೆಯನಲ್ಲಿ ಯಾವ ಕಾಯ್ದೆಯೂ ಹುಟ್ಟಿಸಲಾರದು. ಮುಂದಿನ ಪಾಡ್ಯದಂದು ಕೂಲಿಯ ಮಾತಾಡುವಾಗ ಹಣ, ಕಾಳುಗಳ ಜೊತೆಗೆ, ‘ಮನಸ್ಸಿಗೆ ಒಗ್ಗದಿದ್ದರೆ ದುಡಿದಷ್ಟರ ಲೆಕ್ಕ ಮುಗಿಸಿಕೊಂಡು ಹೋಗಬಹುದು’ ಎಂಬ ಮಾತನ್ನೂ ಸೇರಿಸುವ ಸಾಹುಕಾರರು ನಮ್ಮ ಸೀಮೆಯಲ್ಲಿ ಎಷ್ಟು ಮಂದಿ ದೊರೆಯುವರು?