ಕಾಣದ್ದೆಲ್ಲ ಬಯಲಲ್ಲ

ಕಳೆದ ಆಟಿಯ ಮಳೆಯಲ್ಲಿ ನಮ್ಮ ಬಂಧುಗಳ ಹುಡುಗನೊಬ್ಬ ಉಡುಪಿಯ ನಮ್ಮ ಮನೆಗೆ ಬಂದಿದ್ದ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿರುವವನು. ಕೈಯಲ್ಲೊಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಅಂಗೈಗಿಂತ ತುಸು ದೊಡ್ಡದಾದ, ನಾಲ್ಕು ರೆಕ್ಕೆಗಳ ಯಂತ್ರ. ಡ್ರೋನ್ ಎಂಬ ಹೆಸರನ್ನು ಈಗ ಕೇಳದವರಿಲ್ಲ. ಮದುವೆಯ ಚಪ್ಪರದ ಮೇಲೆ ಅದು ದುಂಬಿಯಂತೆ ಗುಂಯ್‌ಗುಟ್ಟುತ್ತ, ಪುರೋಹಿತರ ಮಂತ್ರವನ್ನು ಮುಳುಗಿಸಿ, ವಧೂವರರ ನೆತ್ತಿಯ ಚಿತ್ರ ತೆಗೆಯುವುದನ್ನು ವಾಚಕರು ಕಂಡೇ ಇರುತ್ತೀರಿ. ಹೊರಗೆ ಮಳೆ ಬಿಡುವ ಲಕ್ಷಣವಿರಲಿಲ್ಲ. ‘ಕೆಳಗೆ ಕಾರು ನಿಲ್ಲಿಸುವ ನೆಲಮಾಳಿಗೆಯಲ್ಲಿ ಹಾರಿಸಿ ನೋಡುತ್ತೇನೆ, ಮಾವ’ ಎಂದ. ‘ಅದಕ್ಕೇನು, ಅಲ್ಲಿ ಮಳೆಯಿಲ್ಲ, ಗಾಳಿಯಿಲ್ಲ, ಕಾಗೆಯ ಕಾಟವಿಲ್ಲ. ಆಕಾಶಕ್ಕಿಂತ ಸುಲಭವೇ ಆಯಿತಲ್ಲ’ ಎಂದೆ. ಹುಡುಗ ನಕ್ಕ. ಹಿರಿಯರ ಅಜ್ಞಾನವನ್ನು ಕ್ಷಮಿಸುವಾಗ ಕಿರಿಯರು ನಗುವ ನಗು ಅದು. ಎರಡೇ ನಿಮಿಷಗಳಲ್ಲಿ ಯಂತ್ರ ಒಂದು ಕಂಬಕ್ಕೆ ತಾಗಿ ನನ್ನ ಕಾಲ ಬಳಿ ಬಿದ್ದಾಗ ಆ ನಗುವಿನ ಅರ್ಥ ತಿಳಿಯಿತು.

ಬಯಲಿನಲ್ಲಿ ಹಾರುವಾಗ ಈ ಯಂತ್ರಕ್ಕೆ ತಾನೆಲ್ಲಿದ್ದೇನೆಂಬ ಚಿಂತೆಯಿಲ್ಲ. ಇಪ್ಪತ್ತು ಸಾವಿರ ಕಿಲೋಮೀಟರು ಮೇಲಿನಿಂದ ಉಪಗ್ರಹಗಳು ಎಡೆಬಿಡದೆ ತಮ್ಮ ಗಡಿಯಾರದ ಹೊತ್ತನ್ನು ಸಾರುತ್ತಿರುತ್ತವೆ. ನಾಲ್ಕು ಉಪಗ್ರಹಗಳ ಮಾತು ಕಿವಿಗೆ ಬಿದ್ದರೆ ಸಾಕು, ಯಂತ್ರ ತನ್ನ ನೆಲೆಯನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಕಾಪುವಿನ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭ ಕಡಲಿನವರಿಗೆ ಮಾಡುತ್ತ ಬಂದ ಉಪಕಾರವೂ ಇದೇ ತಾನೆ? ನೀನೆಲ್ಲಿದ್ದೀ ಎಂಬುದನ್ನು ನಿನ್ನಿಂದ ಹೊರಗಿರುವ, ಅಲುಗದ ಒಂದು ವಸ್ತು ನಿನಗೆ ಹೇಳುವುದು. ಆದರೆ ಉಪಗ್ರಹದ ದನಿ ಬಹಳ ಕ್ಷೀಣ. ಕಾಂಕ್ರೀಟಿನ ಒಂದು ಚಾವಣಿ ಅಡ್ಡ ಬಂದರೆ ಅದು ಅಡಗಿಹೋಗುತ್ತದೆ. ಗಣಿಯಲ್ಲಿ, ಗುಹೆಯಲ್ಲಿ, ಬೆಟ್ಟದ ಹೊಟ್ಟೆಯೊಳಗಿನ ಸುರಂಗದಲ್ಲಿ ಕೇಳಿಸುವುದೇ ಇಲ್ಲ. ಕಬ್ಬಿಣವಿರುವಲ್ಲಿ ದಿಕ್ಸೂಚಿಯ ಮುಳ್ಳನ್ನೂ ನೆಚ್ಚುವಂತಿಲ್ಲ. ಅಲ್ಲಿ ಯಂತ್ರಕ್ಕೆ ಉಳಿಯುವುದು ತನ್ನ ಮೈಯರಿವು, ತನ್ನ ಕಣ್ಣು, ತನ್ನ ನೆನಪು, ಇಷ್ಟೆ.

ಮೈಯರಿವೆಂದರೆ, ಎಷ್ಟು ಬಾಗಿದೆ, ಎಷ್ಟು ವೇಗ ಹೆಚ್ಚಿತು ಎಂಬುದನ್ನು ಒಳಗಿನ ಸೂಕ್ಷ್ಮ ಮಾಪಕಗಳಿಂದ ಎಣಿಸಿಕೊಳ್ಳುತ್ತ ಹೋಗುವುದು. ಕಣ್ಣು ಕಟ್ಟಿಕೊಂಡು ಹೆಜ್ಜೆ ಎಣಿಸಿ ಹಿತ್ತಲಿಗೆ ಹೋಗುವವನ ಹಾಗೆ. ಪ್ರತಿ ಹೆಜ್ಜೆಯಲ್ಲೂ ಒಂದಿಷ್ಟು ತಪ್ಪಾಗುತ್ತದೆ, ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂಡುತ್ತದೆ. ಕೊನೆಗೆ ಬಾವಿಕಟ್ಟೆ ಎಲ್ಲಿದೆಯೆಂದು ಅವನು ತಿಳಿದಿರುವನೋ ಅಲ್ಲಿ ಅದು ಇರುವುದಿಲ್ಲ. ಆದುದರಿಂದ ಯಂತ್ರವು ಕ್ಯಾಮರಾದಿಂದಲೋ ಲೇಸರ್ ಬೆಳಕಿನಿಂದಲೋ ಸುತ್ತಲ ಗೋಡೆಗಳನ್ನು ಅಳೆಯುತ್ತದೆ. ಅಳೆಯುತ್ತ ನಕ್ಷೆ ಬರೆಯುತ್ತದೆ. ಬರೆದ ನಕ್ಷೆಯಲ್ಲೇ ತನ್ನನ್ನು ಹುಡುಕಿಕೊಳ್ಳುತ್ತದೆ. ನೆಲೆ ತಿಳಿಯದೆ ನಕ್ಷೆ ಬರೆಯಲಾಗದು, ನಕ್ಷೆಯಿಲ್ಲದೆ ನೆಲೆ ತಿಳಿಯದು. ಈ ಬೀಜವೃಕ್ಷನ್ಯಾಯದ ಗಂಟನ್ನು ಎರಡನ್ನೂ ಒಟ್ಟಿಗೇ ಮಾಡುತ್ತ ಬಿಡಿಸುವುದೇ ಈ ವಿದ್ಯೆಯ ಜೀವಾಳ. ಹೋದ ಜಾಗಕ್ಕೆ ಮರಳಿ ಬಂದು, ‘ಇದು ನಾನು ಮೊದಲು ಕಂಡದ್ದು’ ಎಂದು ಗುರುತು ಹಿಡಿದ ಕ್ಷಣ ಹಿಂದಿನ ತಪ್ಪುಗಳೆಲ್ಲ ತಿದ್ದಿಕೊಳ್ಳುತ್ತವೆ. ಗುರುತು ಸರಿಯಾಗಿದ್ದರೆ, ಎನ್ನಬೇಕು.

ಕಾರ್ಕಳದ ಚತುರ್ಮುಖ ಬಸದಿಗೆ ಮೊದಲ ಸಲ ಹೋದಾಗ ನನಗೇ ಈ ಮೋಸವಾಗಿತ್ತು. 1586ರಲ್ಲಿ ಇಮ್ಮಡಿ ಭೈರರಸನು ಕಟ್ಟಿಸಿದ ಆ ಕಲ್ಲುಬಸದಿಗೆ ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಯಾವ ಬಾಗಿಲಲ್ಲಿ ನಿಂತರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಅದೇ ಮೂರು ಮೂರ್ತಿಗಳು, ಅದೇ ಸಾಲುಗಂಬ, ಅದೇ ತಂಪು. ಒಂದು ಸುತ್ತು ಹಾಕಿ, ಬಂದ ಬಾಗಿಲಿಗೇ ಬಂದೆನೆಂದು ನಂಬಿ ಹೊರಗಿಳಿದೆ. ಚಪ್ಪಲಿಯಿಲ್ಲ! ಯಾರೋ ಪುಣ್ಯಾತ್ಮ ಮೆಟ್ಟಿಕೊಂಡು ಹೋದನೆಂದೇ ಮನಸ್ಸಿನಲ್ಲಿ ಶಪಿಸಿದೆ. ತಲೆಯೆತ್ತಿದಾಗ ಎದುರಿನ ಬೆಟ್ಟದ ಮೇಲೆ, 1432ರಿಂದ ಬಿಸಿಲುಮಳೆಗಳನ್ನು ಸಹಿಸಿ ನಿಂತ ಗೊಮ್ಮಟನು ಎಲ್ಲಿರಬೇಕೆಂದು ನಾನು ಎಣಿಸಿದ್ದೆನೋ ಅಲ್ಲಿರಲಿಲ್ಲ. ಅವನ ತಪ್ಪಲ್ಲ, ನಾನು ಬೇರೆ ಬಾಗಿಲಿನಿಂದ ಇಳಿದಿದ್ದೆ. ಚಪ್ಪಲಿ ಇಟ್ಟಲ್ಲೇ ಇತ್ತು. ಒಂದರಂತೆ ಒಂದಿರುವ ಗಣಿಯ ಓಣಿಗಳಲ್ಲಿ ಯಂತ್ರಕ್ಕೂ ಹೀಗೆಯೇ ಆಗುವುದುಂಟಂತೆ. ನೆಲದಡಿಯಲ್ಲಿ ತಲೆಯೆತ್ತಿದರೆ ಕಾಣಲು ಗೊಮ್ಮಟನಿಲ್ಲ. ಗುರುತು ತಪ್ಪಿದ ಯಂತ್ರ ತಪ್ಪು ನಕ್ಷೆಯನ್ನೇ ಪೂರ್ಣ ವಿಶ್ವಾಸದಿಂದ ಬರೆಯುತ್ತದೆ. ನಾನು ಪೂರ್ಣ ವಿಶ್ವಾಸದಿಂದ ಶಪಿಸಿದಂತೆ.

ಇಷ್ಟೆಲ್ಲ ತಾಂತ್ರಿಕ ವಿವರ ಈ ಪುಟದಲ್ಲೇಕೆ ಎಂದು ವಾಚಕರು ಕೇಳಬಹುದು. ಹುಡುಗ ತನ್ನ ಗಣಕಯಂತ್ರದಲ್ಲಿ ತೋರಿಸಿದ ಒಂದು ಸಣ್ಣ ಸಂಗತಿಯೇ ಅದಕ್ಕೆ ಕಾರಣ. ಯಂತ್ರ ಬರೆಯುವ ನಕ್ಷೆಯಲ್ಲಿ ಮೂರು ಬಗೆಯ ಜಾಗಗಳಿರುತ್ತವೆ. ಬರಿದೆಂದು ಅಳೆದು ನೋಡಿದ್ದು ಒಂದು; ಗೋಡೆ, ಕಂಬ ಮುಂತಾದುವು ಇವೆಯೆಂದು ಕಂಡದ್ದು ಇನ್ನೊಂದು. ಮೂರನೆಯದು, ಇನ್ನೂ ನೋಡದೆ ಇರುವುದು. ಅದನ್ನು ಬೂದುಬಣ್ಣದಲ್ಲಿ ಬಿಟ್ಟಿರುತ್ತಾರೆ. ‘ನೋಡದ್ದನ್ನು ಬರಿದೆಂದು ತಿಳಿದು ನುಗ್ಗಿದರೆ ಯಂತ್ರ ಪುಡಿಪುಡಿ. ಅದಕ್ಕೇ ನೋಡದ್ದನ್ನೆಲ್ಲ ಗೋಡೆಯೆಂದೇ ತಿಳಿದು ಹಾರಬೇಕೆಂದು ನಿಯಮ’ ಎಂದ.

ಬಂಡಿಗಟ್ಟಲೆ ನೀತಿಗ್ರಂಥಗಳನ್ನು ಓದಿದವರೂ ಈ ನಿಯಮವನ್ನು ನಡೆಸಿದ್ದು ಕಡಮೆ. ನಮಗೆ ಎರಡೇ ಬಣ್ಣ. ಕಂಡದ್ದು ಇದೆ, ಕಾಣದ್ದು ಇಲ್ಲ. ‘ಹಾಗೇನೂ ದೂರು ಬಂದಿಲ್ಲವಲ್ಲ’ ಎನ್ನುವ ಅಧಿಕಾರಿಗೂ ‘ನನಗೇನೂ ನೋವಿಲ್ಲವಲ್ಲ’ ಎಂದು ವೈದ್ಯರಿಂದ ತಪ್ಪಿಸಿಕೊಳ್ಳುವ ನನಗೂ ಬೂದುಬಣ್ಣ ಗೊತ್ತಿಲ್ಲ. ನೆಲದ ಕೆಳಗಿನ ವಿಷಯದಲ್ಲಂತೂ ಈ ಮರೆವು ಮನುಷ್ಯರ ಪ್ರಾಣವನ್ನೇ ತೆಗೆದಿದೆ. ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅಲ್ಲಿ ಒತ್ತಡಕ್ಕೆ ಬಂಡೆ ಹಠಾತ್ತನೆ ಸಿಡಿದು ಎಷ್ಟೋ ಮಂದಿ ಸತ್ತರು. 2001ರಲ್ಲಿ ಆ ಗಣಿ ಮುಚ್ಚಿತು. ಮೈಮೇಲಿನ ಬಂಗಾರ ಎಷ್ಟು ಕತ್ತಲೆಯಿಂದ ಬಂತೆಂದು ಧರಿಸಿದ ನಾವು ಕೇಳಿದ್ದಿಲ್ಲ. ಚರಂಡಿಯ ಗುಂಡಿಗೆ ರಕ್ಷಣೆಯಿಲ್ಲದೆ ಆಳನ್ನು ಇಳಿಸಬಾರದೆಂದು 2013ರಲ್ಲಿ ಕಾನೂನೇ ಆಯಿತು. ಆಮೇಲೂ ಇಳಿದು ಉಸಿರುಕಟ್ಟಿ ಸತ್ತವರ ವರ್ತಮಾನವನ್ನು ಇದೇ ಪತ್ರಿಕೆಗಳ ಒಳಪುಟದಲ್ಲಿ ಓದಿ, ಪುಟ ತಿರುವಿ, ಕಾಫಿ ಕುಡಿದಿದ್ದೇವೆ.

ಇದಕ್ಕೆ ಪ್ರತಿಯಾಗಿ, ಕಂಡರಿಯದ ನೆಲವನ್ನು ಗೌರವದಿಂದ ಹೊಕ್ಕವರೂ ನಮ್ಮ ನೆರೆಯಲ್ಲೇ ಇದ್ದಾರೆ. ಕಾಸರಗೋಡಿನಲ್ಲಿ, ಬಂಟ್ವಾಳ ಪುತ್ತೂರುಗಳ ತೆಂಕಣ ಗುಡ್ಡಗಳಲ್ಲಿ, ಮುರಕಲ್ಲನ್ನು ಅಡ್ಡಡ್ಡಲಾಗಿ ಕೊರೆದು ನೀರು ತರುವ ಸುರಂಗಗಳು ಸಾವಿರಾರು ಇವೆ. ಒಬ್ಬ ಮನುಷ್ಯ ಹೋಗುವಷ್ಟೇ ಅಗಲ. ಅಡ್ಯನಡ್ಕದ ಬಳಿಯ ಅಮೈಯ ಮಹಾಲಿಂಗ ನಾಯ್ಕರು ಕೂಲಿಯ ಕೆಲಸ ಮುಗಿಸಿ ಬಂದು, ರಾತ್ರಿ ಸೀಮೆಎಣ್ಣೆಯ ದೀಪವಿಟ್ಟುಕೊಂಡು ತಾವೊಬ್ಬರೇ ಇಂಥ ಸುರಂಗಗಳನ್ನು ಅಗೆದರು. ಒಂದರ ಮೇಲೊಂದು ಸುರಂಗ ನೀರು ಕಾಣದೆ ವ್ಯರ್ಥವಾಯಿತು. ಕಡೆಗೆ ನೀರು ಬಂತು, ಬೋಳುಗುಡ್ಡ ತೋಟವಾಯಿತು, 2022ರಲ್ಲಿ ಪದ್ಮಶ್ರೀಯೂ ಬಂತು. ಸುರಂಗ ಅಗೆಯುವವನಿಗೆ ದೀಪ ಬರಿಯ ಬೆಳಕಲ್ಲ. ಕುಡಿ ಸೊರಗಿದರೆ ಗಾಳಿ ಕೆಟ್ಟಿತೆಂದು ತಿಳಿದು ಹಿಂದಕ್ಕೆ ಬರಬೇಕು. ಅವನ ಹಾರೆ ತಲಪದ ಪ್ರತಿಯೊಂದು ಅಂಗುಲವೂ ಅವನಿಗೆ ಬೂದುಬಣ್ಣದ್ದೇ. ಅಲ್ಲಿ ತಪ್ಪಿದರೆ ತಪ್ಪಿದವನ ಮೈಯೇ ದಂಡ ತೆರುತ್ತದೆ.

ಈಗ ಯಂತ್ರ ಮುಂದೆ ಹೋಗುತ್ತದೆ, ಮನುಷ್ಯ ಬಾಗಿಲಲ್ಲಿ ನಿಲ್ಲುತ್ತಾನೆ. ಇದು ಒಳ್ಳೆಯದೇ. ಇದನ್ನು ಹಳಿಯುವವರು ಒಂದು ದಿನವಾದರೂ ಗುಂಡಿಗೆ ಇಳಿದು ಬಂದು ಹಳಿಯಲಿ. ಆದರೆ ಕಷ್ಟವಾದ ಪ್ರಶ್ನೆ ಇಲ್ಲೇ ಹುಟ್ಟುತ್ತದೆ. ಹಾರಿಸುವವನ ಮೈಗೆ ಅಪಾಯವಿಲ್ಲವೆಂದಾಗ ಆ ಅಪಾಯ ಎಲ್ಲಿ ಹೋಯಿತು? ಯಂತ್ರ ಕೆಡಹಿಕೊಳ್ಳದೆ ಮರಳಿ ಬಂದರೆ ಸುರಕ್ಷಿತವಾಗಿ ಹಾರಿತೆನ್ನುತ್ತೇವೆ. ಅದು ತಂದ ನಕ್ಷೆಯನ್ನು ನಂಬಿ ನಾಳೆ ಬೆಳಗ್ಗೆ ಒಳಗೆ ಹೋಗುವವನೊಬ್ಬನಿದ್ದಾನೆ. ಅವನ ತಲೆಯ ಮೇಲಿನ ಬಂಡೆ ಸಡಿಲವಾಗಿದ್ದುದನ್ನು ಯಂತ್ರ ಕಾಣದಿದ್ದರೆ, ಕಾಣಲಿಲ್ಲವೆಂಬುದನ್ನೂ ಹೇಳದಿದ್ದರೆ, ಯಾರ ಸುರಕ್ಷತೆಯ ಮಾತು ನಾವಾಡಿದ್ದು?

2023ರ ನವೆಂಬರ್ 12, ದೀಪಾವಳಿಯ ಬೆಳಗ್ಗೆ, ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಕೂಲಿಕಾರರು ಒಳಗೆ ಸಿಕ್ಕಿಬಿದ್ದದ್ದು ಎಲ್ಲರಿಗೂ ನೆನಪಿದೆ. ಉಪಗ್ರಹದ ನೆರವಿಲ್ಲದೆ ಹಾರಬಲ್ಲ ಡ್ರೋನುಗಳನ್ನು ಹಿಡಿದು ಬೆಂಗಳೂರಿನ ಒಂದು ತಂಡ ಅಲ್ಲಿಗೆ ಹೋಗಿತ್ತು. ಕುಸಿದ ಮಣ್ಣುಗಲ್ಲಿನ ಸ್ಥಿತಿಯನ್ನು, ಮನುಷ್ಯ ಹತ್ತಿರ ಹೋಗಬಾರದ ಕಡೆ, ಆ ಯಂತ್ರಗಳು ನೋಡಿ ಬಂದುವು. ಕೊಳವೆಯೊಳಗೆ ತೂರಿಸಿದ ಕ್ಯಾಮರಾ ಒಳಗಿನವರ ಮುಖಗಳನ್ನು ತೋರಿಸಿತು. ಕೊರೆಯಲು ತಂದ ಭಾರಿ ಯಂತ್ರವೋ ಕೊನೆಯ ಹತ್ತು ಹನ್ನೆರಡು ಮೀಟರು ಉಳಿದಿರುವಾಗ ಮುರಿದು ಕೂತಿತು. ಆಮೇಲೆ ಬಂದವರು ಇಲಿಬಿಲದಂಥ ಗಣಿಯಗೆತದಲ್ಲಿ ಕೈ ಪಳಗಿದ ಕೂಲಿಗಳು. ಅವರ ಕಸುಬನ್ನು ಮೇಘಾಲಯದಲ್ಲಿ ಹಸಿರು ನ್ಯಾಯಮಂಡಳಿ 2014ರಲ್ಲೇ ನಿಷೇಧಿಸಿತ್ತು, ಅದು ಸರಿಯೂ ಆಗಿತ್ತು. ಅವರು ಕೊಳವೆಯೊಳಗೆ ಮಂಡಿಯೂರಿ, ಕೈಯಿಂದ ಅಗೆದು, 28ರ ಸಂಜೆ ದಾರಿ ಮಾಡಿದರು. 41 ಮಂದಿಯೂ ಬದುಕಿ ಬಂದರು. ಯಂತ್ರ ಸೋತಿತು, ಮನುಷ್ಯ ಗೆದ್ದ ಎಂದು ಆಗ ಕೆಲವರು ಬರೆದರು. ನನಗೆ ಹಾಗೆ ತೋರಲಿಲ್ಲ. ಇಷ್ಟು ದೂರ ನೋಡಿದೆವು, ಇನ್ನುಳಿದದ್ದು ತಿಳಿಯದು ಎಂಬ ಗೆರೆ ಎಲ್ಲಿದೆಯೆಂದು ಗೊತ್ತಿದ್ದುದರಿಂದಲೇ ಆ ಕೂಲಿಗಳು ಎಲ್ಲಿ ಕೈಯಿಟ್ಟು ನಿಧಾನಿಸಬೇಕೋ ಅಲ್ಲಿ ನಿಧಾನಿಸಿರಬೇಕು.

ಈ ಪ್ರಾಮಾಣಿಕತೆಯನ್ನು ಯಂತ್ರಕ್ಕೆ ಕಲಿಸಬಹುದೆಂಬುದೇ ನನಗೆ ಹೊಸ ವಿಷಯ. ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನ ಸಂಸ್ಥೆಯೊಂದು ಗುಹೆ, ಸುರಂಗಗಳಲ್ಲಿ ತಾವಾಗಿಯೇ ಸಂಚರಿಸುವ ಯಂತ್ರಗಳಿಗೆ ಸ್ಪರ್ಧೆ ಏರ್ಪಡಿಸಿತ್ತು. ಕೊನೆಯ ಸುತ್ತು 2021ರ ಸೆಪ್ಟೆಂಬರಿನಲ್ಲಿ ಕೆಂಟಕಿಯ ನೆಲದಡಿಯಲ್ಲಿ ನಡೆಯಿತು. ಅಡಗಿಸಿಟ್ಟ 40 ವಸ್ತುಗಳನ್ನು ಹುಡುಕಿ, ಎಲ್ಲಿವೆಯೆಂದು ಐದು ಮೀಟರಿನ ಒಳಗಿನ ನಿಖರತೆಯಿಂದ ವರದಿ ಮಾಡಬೇಕು. ವರದಿಗಳಿಗೆ ಮಿತಿಯುಂಟು; ಬಾಯಿಗೆ ಬಂದಂತೆ ಊಹಿಸಿದರೆ ಅವಕಾಶ ಮುಗಿದೇ ಹೋಯಿತು. ಗೆದ್ದ ತಂಡಕ್ಕೂ ದೊರೆತದ್ದು 23. ನಮ್ಮ ವಿಧಾನಸಭೆಗಳಲ್ಲೂ ಮಾತಿಗೆ ಇಂಥ ಮಿತಿಯಿದ್ದಿದ್ದರೆ ಎಂದು ಒಂದು ಕ್ಷಣ ಆಸೆಪಟ್ಟೆ.

ಇಲ್ಲೊಂದು ಆಕ್ಷೇಪವಿದೆ. ತಿಳಿಯದ್ದನ್ನೆಲ್ಲ ಗೋಡೆಯೆಂದು ತಿಳಿದರೆ ಯಂತ್ರ ಬಾಗಿಲಿನಿಂದ ಒಂದು ಮೊಳವೂ ಮುಂದೆ ಹೋಗದಲ್ಲವೆ? ಸಂಶಯವೇ ಧರ್ಮವಾದರೆ ಕೆಲಸ ನಡೆಯುವುದು ಹೇಗೆ? ನಾನಿದನ್ನು ಹುಡುಗನನ್ನೇ ಕೇಳಿದೆ. ‘ಗೋಡೆಯೆಂದು ತಿಳಿಯುವುದು ನೋಡುವ ತನಕ. ದೀಪವನ್ನು ಅತ್ತ ತಿರುಗಿಸಿ ಮೊದಲು ನೋಡುತ್ತದೆ, ಬರಿದಾಗಿದ್ದರೆ ಅಷ್ಟು ಹೋಗುತ್ತದೆ, ಅಲ್ಲಿಂದ ಮತ್ತೆ ನೋಡುತ್ತದೆ. ಬ್ಯಾಟರಿಯಲ್ಲಿ ಮರಳುವಷ್ಟು ಉಳಿದಿರುವಾಗಲೇ ತಿರುಗುತ್ತದೆ’ ಎಂದ. ನಮ್ಮ ಬಯಲಾಟಗಳಲ್ಲಿ ಅಭಿಮನ್ಯುವನ್ನು ಎಷ್ಟು ರಾತ್ರಿ ಕಂಡಿದ್ದೇನೆ! ಒಳಗೆ ಹೋಗಲು ತಿಳಿದ, ಹೊರಗೆ ಬರಲು ತಿಳಿಯದ ಆ ಬಾಲಕನ ಶೌರ್ಯಕ್ಕೆ ಕಣ್ಣೀರು ಹಾಕಿದ್ದೇನೆ. ಅವನಿಗೆ ಅರ್ಧವೇ ಗೊತ್ತೆಂಬುದನ್ನು ತಿಳಿದೂ ಕಳುಹಿಸಿದ ಧರ್ಮರಾಯನ ಮೇಲೆ ಸಿಟ್ಟು ಬಂದದ್ದು ಮಾತ್ರ ಈ ವಯಸ್ಸಿನಲ್ಲಿ.

ಆ ದಿನ ಮಧ್ಯಾಹ್ನ ಹುಡುಗ ರೆಕ್ಕೆ ಬದಲಾಯಿಸಿ ಮತ್ತೆ ಹಾರಿಸಿದ. ನಿಧಾನವಾಗಿ ನೆಲಮಾಳಿಗೆಯ ನಕ್ಷೆ ಮೂಡಿತು: ಇಳಿಜಾರು ದಾರಿ, ಹನ್ನೆರಡು ಕಂಬಗಳು, ಸಾಲಾಗಿ ನಿಂತ ಕಾರುಗಳು. ಮೂಲೆಯ ನೀರಿನ ತೊಟ್ಟಿಯ ಹಿಂದೆ ಮಾತ್ರ ಒಂದು ಬೂದು ತೇಪೆ ಉಳಿಯಿತು. ‘ಅಲ್ಲೇನಿದೆ ಮಾವ?’ ಎಂದು ಕೇಳಿದ. ಹದಿನಾಲ್ಕು ವರ್ಷ ಅಲ್ಲಿ ಕಾರು ನಿಲ್ಲಿಸಿದವನು ನಾನು. ‘ಏನೂ ಇಲ್ಲ’ ಎಂದೆ. ಅವನು ಯಂತ್ರವನ್ನು ಕೆಳಗಿಳಿಸಿ, ಟಾರ್ಚು ಹಿಡಿದು ಹೋದ. ನಾನೂ ಹಿಂದೆ ಹೋದೆ. ಸುತ್ತಿಟ್ಟ ಚಾಪೆ, ಹಗ್ಗದ ಮೇಲೆ ಎರಡು ಅಂಗಿ, ಒಂದು ಸ್ಟವ್ವು, ಗೋಡೆಗೆ ಅಂಟಿಸಿದ ಶಾಲೆಯ ವೇಳಾಪಟ್ಟಿ. ಹಿಂದಿನಿಂದ ಕಾವಲುಗಾರ ಓಡಿ ಬಂದ. ‘ನನ್ನದೇ ಸ್ವಾಮಿ. ಮಳೆಗಾಲಕ್ಕೆ ಮಾತ್ರ. ಮೇಲಿನ ಕೋಣೆ ಸೋರುತ್ತದೆ, ಮಗಳಿಗೆ ಓದಲಾಗುವುದಿಲ್ಲ’ ಎಂದ. ಹುಡುಗ ಅವನನ್ನು ಕೇಳಿದ, ಇನ್ನೊಂದು ಸಲ ಯಂತ್ರವನ್ನು ಈ ಕಡೆ ತರಬಹುದೆ ಎಂದು. ಕಾವಲುಗಾರ ನನ್ನ ಮುಖ ನೋಡಿದ.